ಶ್ರೀಧರ್ ಮಾಡಿದ ಅನುವಾದ

ಕಳೆದ ಭಾನುವಾರ ನಾನೊಂದು ದೊಡ್ಡ ಎಡವಟ್ಟು ಮಾಡಿಕೊಂಡೆ.

ದೆಹಲಿ ಕಡೆ ಕನ್ನಡ ಸಿನಿಮಾ ಬರುವುದೇ ಅಪರೂಪ. ಬಂದರೂ ಗುರುಗ್ರಾಮದ ಯಾವುದೋ ಮಾಲ್‌ನಲ್ಲಿ ಒಂದೇ ಒಂದು ಬೆಳಗಿನ ಶೋ. ಅದೂ ಸೀಟು ತುಂಬಿದರೆ ಮಾತ್ರ! ಹಾಗಾಗಿ ನಮ್ಮ ಕನ್ನಡ ವಾಟ್ಸಾಪ್ ಗ್ರೂಪಿನಲ್ಲಿ ಕಂಡಕಂಡವರ ಬೆನ್ನು ಬೀಳುವ ಕೆಲಸ ನನ್ನದು. ‘ಫ್ಯಾಮಿಲಿ ಸಿನಿಮಾ, ಮಕ್ಕಳನ್ನೂ ಕರ್ಕೊಂಡ್ ಬನ್ನಿ’ ಎಂದು ಹಾಕಿದೆ. (ಕತೆ ಏನೆಂದು ವಿಚಾರಿಸಿದ್ದೆನಾ? ಇಲ್ಲ.)

ಮಾನೇಸರ್‌ನಿಂದ ಶ್ರೀಧರ್ ಬಂದರು, ಹದಿಮೂರರ ಮಗಳು ಅನ್ವಿ ಜೊತೆ. (ಹೆಸರು ಬದಲಿಸಿದ್ದೇನೆ, ಹುಡುಕಬೇಡಿ.) ನನ್ನ ಪಕ್ಕದಲ್ಲೇ ಕೂತರು. ಕಾರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಅವರದು ಕ್ವಾಲಿಟಿ ಚೆಕ್ ಕೆಲಸ. ಕೂದಲೆಳೆಯಷ್ಟು ತಪ್ಪಿದ್ದರೂ ಪಾಸ್ ಮಾಡುವ ಆಸಾಮಿ ಅಲ್ಲ.

ಸಬ್‌ಟೈಟಲ್ ಇರಲಿಲ್ಲ. ಅನ್ವಿ ಇಲ್ಲೇ ಬೆಳೆದವಳು. ‘ಪಾಪಾ, ಕ್ಯಾ ಬೋಲಾ?’ ಎಂದು ಕೇಳುತ್ತಲೇ ಇದ್ದಳು. ಏನಂದ ಅಂತ ಇವರು ಮೆಲ್ಲಗೆ ಹಿಂದಿಯಲ್ಲಿ ಹೇಳುತ್ತಿದ್ದರು. ಚಾಚೂ ತಪ್ಪದೆ.

ಇಂಟರ್ವಲ್ ಹೊತ್ತಿಗೆ ಕತೆ ಎತ್ತ ಹೊರಟಿದೆಯೆಂದು ನನಗೆ ತಿಳಿಯಿತು. ಹೆಂಡತಿ ಸತ್ತ ದುಃಖದಲ್ಲಿದ್ದ ನಾಯಕನಿಗೆ ಅವಳ ಹಳೇ ಕಾಗದಗಳು ಸಿಗುತ್ತವೆ. ಗೆಳೆಯನೇ ಬೆನ್ನಿಗೆ ಚೂರಿ ಹಾಕಿದ್ದ, ಮಗಳು ಅವನಿಗೆ ಹುಟ್ಟಿದವಳು.

ಶ್ರೀಧರ್ ಕತೆಯೂ ಅದೇ! ಎರಡು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ, ಅವಳ ಫೋನಿನ ಮೆಸೇಜುಗಳಿಂದ ಅನ್ವಿ ತಮಗೆ ಹುಟ್ಟಿದವಳಲ್ಲ ಎಂದು ಅವರಿಗೆ ಗೊತ್ತಾಗಿತ್ತು. ನಮ್ಮ ಮನೆಯ ಸೋಫಾದಲ್ಲಿ ಕೂತು ಅತ್ತಿದ್ದರು. ‘ಅನ್ವಿಗೆ ಮಾತ್ರ ಗೊತ್ತಾಗ್ಬಾರ್ದು’ ಎಂದಿದ್ದರು.

ಕೊನೆಗೂ ಆ ದೃಶ್ಯ ಬಂತು. ನಾಯಕ ಕಿರುಚಿದ: ‘ಅವಳು ನನ್ನ ಮಗಳಲ್ಲ!’

ಪಕ್ಕದಿಂದ ಅದೇ ಪ್ರಶ್ನೆ. ‘ಪಾಪಾ, ಕ್ಯಾ ಬೋಲಾ?’

ಶ್ರೀಧರ್ ಅದೇ ಮೆಲುದನಿಯಲ್ಲಿ ಹೇಳಿದರು: ‘ಬೋಲ್ ರಹಾ ಹೈ, ವೋ ಮೇರಿ ಬೇಟಿ ಹೈ.’

ಅವಳು ನನ್ನ ಮಗಳು ಅಂತಿದ್ದಾನೆ!

ದೇವರೇ, ಎಂಥ ಮನುಷ್ಯ ಇವರು? ಪರದೆ ಮೇಲಿನವನು ಇನ್ನೂ ಒಂದು ಗಂಟೆ ಗೋಳಾಡುವುದಿತ್ತು. ಇವರು ಎರಡೇ ಸೆಕೆಂಡಿನಲ್ಲಿ ಮುಗಿಸಿಬಿಟ್ಟಿದ್ದರು. ನನಗೆ ಕಣ್ಣು ತುಂಬಿ ಬಂತು. ಉಳಿದ ಸಿನಿಮಾ ನಾನು ನೋಡಲೇ ಇಲ್ಲ, ಕದ್ದು ಕದ್ದು ಇವರನ್ನೇ ನೋಡಿದೆ.

ಶೋ ಮುಗಿಯಿತು. ಶ್ರೀಧರ್ ಕಾರು ತರಲು ಹೋದರು. ‘ನಿಂಗೆ ಅರ್ಧಂಬರ್ಧ ಅರ್ಥ ಆಯ್ತೇನೋ ಅಲ್ವಾ?’ ಎಂದೆ ಅನ್ವಿಗೆ.

‘ನಹೀ ಆಂಟಿ. ಕನ್ನಡ ಪೂರಾ ಅರ್ಥ ಆಗುತ್ತೆ. ಬೋಲ್ನಾ ನಹೀ ಆತಾ, ಬಸ್.’ ಮಾತಾಡಲು ಮಾತ್ರ ಬರುವುದಿಲ್ಲವಂತೆ.

‘ಮತ್ತೆ ಯಾಕೆ ಕೇಳ್ತಿದ್ದೆ?’

‘ಪಾಪಾ ಹೇಳೋದು ಇಷ್ಟ, ಅಚ್ಛಾ ಲಗ್ತಾ ಹೈ.’ ಪಾಪ್‌ಕಾರ್ನ್ ಡಬ್ಬದ ತಳ ಕೆದಕಿದಳು. ‘ಔರ್ ವೋ ಡೈಲಾಗ್... ಮಮ್ಮಿ ಕಾ ಫೋನ್ ಮೈನೇ ಭೀ ದೇಖಾ ಹೈ. ಪಾಪಾ ಏನ್ ಹೇಳ್ತಾರೆ, ಸುನ್ನಾ ಥಾ.’

ಅಮ್ಮನ ಫೋನನ್ನು ಅವಳೂ ನೋಡಿದ್ದಳು! ಅಪ್ಪ ಏನು ಹೇಳುತ್ತಾರೋ, ಅದನ್ನು ಕೇಳಿಸಿಕೊಳ್ಳಬೇಕಿತ್ತು ಅವಳಿಗೆ.

‘ಪಾಪಾ ಕೋ ಮತ್ ಬೋಲ್ನಾ, ಆಂಟಿ.’ ಅಪ್ಪನಿಗೆ ಹೇಳಬೇಡಿ.

ಕಾರು ಬಂತು. ಅವಳು ಹತ್ತಿದಳು. ಶ್ರೀಧರ್ ಇಳಿದು ಬಂದು ನನ್ನನ್ನು ಬದಿಗೆ ಕರೆದರು. ಮುಖ ಬಿಳಿಚಿಕೊಂಡಿತ್ತು. ‘ಏನಂದ್ಲು ಮೇಡಂ?’

ನಾನೂ ಅನುವಾದ ಮಾಡಿದೆ: ‘ಅಪ್ಪನ ಪಾತ್ರ ತುಂಬಾ ಇಷ್ಟ ಆಯ್ತಂತೆ.’