ಬೇರೆ ತಟ್ಟೆಯ ಅವರೆಕಾಳು

ನನ್ನ ಮೊದಲ ನೆನಪು ಒಂದು ತಟ್ಟೆ ಅವರೆಕಾಳಿನದು. ಹಸಿರು ಪಿಂಗಾಣಿ ತಟ್ಟೆ, ಅಂಚಿನಲ್ಲಿ ಬಣ್ಣ ಎದ್ದುಹೋಗಿ ಕಪ್ಪಗೆ ಕಾಣುತ್ತಿತ್ತು. ಅದರಲ್ಲಿ ನೀರಿನಲ್ಲಿ ನೆನೆದು ಉಬ್ಬಿದ ಕಾಳು. ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿದುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ನಾನು ಹಿದುಕಿದ ಒಂದು ಬೇಳೆ ಹಾರಿ ತಾತನ ಕನ್ನಡಕಕ್ಕೆ ಬಡಿಯಿತು. ಆಗ ನನಗೆ ನಾಲ್ಕು ವರ್ಷ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ತಾತ ಮೊದಲ ತುತ್ತು ಮುದ್ದೆ ನುಂಗಿ, "ಇವತ್ತಿನ ಸಾರು ನಮ್ಮ ಹುಡುಗನ ಕೈಯ್ದು ಕಣ್ರಪ್ಪ, ಅದಕ್ಕೇ ಈ ರುಚಿ" ಎಂದರು.

ಆ ಒಂದು ಮಾತಿನ ಬಲದ ಮೇಲೆ ನಾನು ಎಷ್ಟೋ ಸಲ ನಿಂತಿದ್ದೇನೆ. ಶಾಲೆಯಲ್ಲಿ ಆಟಕ್ಕೆ ಯಾರೂ ಸೇರಿಸಿಕೊಳ್ಳದಿದ್ದಾಗ, ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಬಾಯಿ ಬಿಡಲು ಹೆದರುತ್ತಿದ್ದಾಗ, ನಾಲ್ಕು ವರ್ಷಕ್ಕೇ ಮನೆಮಂದಿಗೆಲ್ಲ ಊಟ ಹಾಕಿದವನು ನಾನು ಎಂದುಕೊಳ್ಳುತ್ತಿದ್ದೆ. ಈಗ ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತೇನೆ. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ನನ್ನ ಅವರೆಕಾಳಿಗೆ ಮಾತ್ರ ಎರಡನೆಯ ಸಾಕ್ಷಿಯನ್ನು ಹುಡುಕಿರಲಿಲ್ಲ.

ಮಗಳಿಗೆ ಈಗ ಮೂರೂವರೆ. ಅವಳ ಬೆರಳುಗಳಿಗೆ ಕೆಲಸ ಕೊಡಬೇಕೆಂದು ನಾನು ಏನೇನೋ ಆಟ ಹೂಡುತ್ತಿದ್ದೆ. ರಟ್ಟಿಗೆ ತೂತು ಹೊಡೆದು ಶೂ ಲೇಸು ಪೋಣಿಸಲು ಕೊಟ್ಟೆ. ಬಾಟಲಿ ಮುಚ್ಚಳಗಳನ್ನು ಬಣ್ಣ ನೋಡಿ ಮೊಟ್ಟೆಯ ಟ್ರೇಯಲ್ಲಿ ಜೋಡಿಸು ಎಂದೆ. ಅವಳು ಮುಚ್ಚಳಗಳನ್ನೆಲ್ಲ ನೀರಿನ ತೊಟ್ಟಿಗೆ ಹಾಕಿ ಬಂದಳು. ಮಗ್ಗದವರ ಮನೆಯಿಂದ ಬಣ್ಣದ ಉಳಿಕೆ ನೂಲು ತಂದು, ಅಂಟಿಸಿ ನವಿಲು ಮಾಡೋಣವೆಂದೆ. ಕತ್ತಿನವರೆಗೆ ಅಂಟಿಸಿ ಎದ್ದು ಹೋದಳು. ಬಾಲವನ್ನು ನಾನೇ ಮುಗಿಸಿ ಗೋಡೆಗೆ ಹಚ್ಚಿದೆ.

ಕಳೆದ ತಿಂಗಳು ನಮ್ಮೂರಿನ ಅಂಗನವಾಡಿಯಲ್ಲಿ ತಾಯಂದಿರ ಸಭೆಯಿತ್ತು. ಹೆಂಡತಿಗೆ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ, ರಜೆ ಸಿಗದೆ ನಾನು ಹೋದೆ. ಗಂಡಸು ನಾನೊಬ್ಬನೇ. ಟೀಚರು "ಎರಡು ಮಾತಾಡಿ ಸಾರ್" ಎಂದರು, ನಾನು ಅರ್ಧ ಗಂಟೆ ಮಾತಾಡಿದೆ. ಮಕ್ಕಳಿಗೆ ಸುಳ್ಳು ಕೆಲಸ ಕೊಡಬೇಡಿ, ನಿಜವಾದ ಕೆಲಸ ಕೊಡಿ ಎಂದೆ. ಅವರೆಕಾಳಿನ ಕಥೆಯನ್ನು ಹೇಳಿದೆ. ತಾಯಂದಿರು ನಕ್ಕರು. ಮುಂದಿನ ಸಾಲಿನಲ್ಲಿದ್ದ ಒಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾತು ಮನಸ್ಸಿಗೆ ಮುಟ್ಟಿತು ಎಂದುಕೊಂಡು ಮನೆಗೆ ಬಂದೆ.

ಆಮೇಲೆ ಆ ಭಾನುವಾರ. ಸೊಗಡು ಅವರೆಯ ಕಾಲ, ಹಿಂದಿನ ದಿನ ಸಾಸಲು ಹಳ್ಳಿಯಿಂದ ಒಂದು ಚೀಲ ಕಾಯಿ ತಂದಿದ್ದೆ. ಬೆಳಿಗ್ಗೆ ಅಮ್ಮ, ಹೆಂಡತಿ, ಮಗಳು ನೆನೆದ ಕಾಳಿನ ಬೇಸಿನ್ ಸುತ್ತ ಕೂತರು. ಅಮ್ಮ ಎರಡು ಹಿಡಿ ಕಾಳನ್ನು ಒಂದು ಸ್ಟೀಲ್ ತಟ್ಟೆಗೆ ಹಾಕಿ ಮಗಳ ಮುಂದೆ ತಳ್ಳಿದಳು.

"ಇದು ನಿಂದು ಕಣವ್ವ. ನೀನು ಹಿದುಕಲಿಲ್ಲ ಅಂದ್ರೆ ಇವತ್ತು ಸಾರೇ ಇಲ್ಲ."

ಮಗಳು ಒಂದು ಗಂಟೆ ಕೂತಳು. ನಾನು ಹೂಡಿದ ಯಾವ ಆಟಕ್ಕೂ ಅವಳು ಅಷ್ಟು ಹೊತ್ತು ಕೊಟ್ಟಿರಲಿಲ್ಲ. ನಾಲಿಗೆ ಹೊರಗೆ ಚಾಚಿ, "ಒಂದು, ಎರಡು, ಐದು" ಎಂದು ಎಣಿಸುತ್ತ, ಹಾರಿಹೋದ ಬೇಳೆಗಾಗಿ ಮಂಚದ ಕೆಳಗೆ ತೆವಳುತ್ತ ಹಿದುಕಿದಳು. ಒಂದು ಬೇಳೆ ನನ್ನ ಕೆನ್ನೆಗೆ ಬಡಿಯಿತು. ಆಗ ನನಗಾದ ಸಂತೋಷವನ್ನು ಹೇಳಲಾರೆ.

ಮುಗಿಸಿ ಅವಳು ಪಕ್ಕದ ಮನೆಗೆ ಆಡಲು ಓಡಿದಳು. ನಾನು ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಅಮ್ಮ ಮಗಳ ತಟ್ಟೆಯನ್ನು ಹಸುವಿನ ಕಲಗಚ್ಚಿನ ಬಕೆಟ್ಟಿಗೆ ಸುರಿಯುತ್ತಿದ್ದಳು.

"ಅಮ್ಮ, ಅದು ಮಗೂದು!"

"ಗೊತ್ತು ಕಣೋ. ಹಸೂಗೆ ಹಾಕ್ತಾ ಇವ್ನಿ."

"ಸಾರಿಗೆ ಹಾಕಲ್ವಾ?"

"ಯಾರಾದ್ರೂ ಹಾಕ್ತಾರೇನ್ಲಾ? ಮಂಚದ ಕೆಳಗಿನ ಧೂಳೆಲ್ಲ ಇದರಲ್ಲೇ ಐತೆ. ಎರಡು ಬಾಯಿಗಿಟ್ಟು ಉಗುದೈತೆ ಬೇರೆ."

"ಮತ್ತೆ ಅವಳಿಗೆ ಹೇಳಿದ್ದು?"

"ಊಟಕ್ಕೆ ಕೂತಾಗ ಹೇಳಿದ್ರಾಯ್ತು, ನೀನೇ ಮಾಡಿದ್ದು ಅಂತ. ಮಕ್ಕಳು ಬೇಸಿನ್ನಿಗೆ ಕೈ ಹಾಕಬಾರದು ಅಂತಾನೇ ಅಲ್ವಾ ಬೇರೆ ತಟ್ಟೆ ಕೊಡೋದು?"

ಅರ್ಧ ತಟ್ಟೆ ಇನ್ನೂ ಉಳಿದಿತ್ತು. ಅದನ್ನು ಅಮ್ಮನ ಕೈಯಿಂದ ಕಿತ್ತುಕೊಂಡೆ. ಕೇಳಬಾರದು ಅನ್ನಿಸಿತು. ಆದರೂ ಕೇಳಿದೆ.

"ನಂದೂ ಹಿಂಗೇ ಸುರಿದ್ಯಾ?"

ಅಮ್ಮ ನಕ್ಕುಬಿಟ್ಟಳು. "ನಿಂದು ಹಸೂನೂ ಮೂಸ್ತಿರ್ಲಿಲ್ಲ ಕಣಪ್ಪ. ನೀನು ಸಿಪ್ಪೆ ಸಮೇತ ಜಜ್ಜಿ ಪಾಯಸ ಮಾಡಿಡ್ತಿದ್ದೆ. ಕೋಳಿಗೆ ಹಾಕ್ತಿದ್ವಿ."

"ತಾತ ನನ್ನ ಕೈಯ್ದು ಅಂದ್ರಲ್ಲ?"

"ಅವರು ಎಲ್ಲ ಮಕ್ಕಳಿಗೂ ಅಂತಿದ್ರು. ನಿಮ್ಮಪ್ಪನಿಗೂ ಅಂದಿದ್ರಂತೆ."

"ಆ ಹಸಿರು ಪಿಂಗಾಣಿ ತಟ್ಟೆ?"

"ಪಿಂಗಾಣಿ ತಟ್ಟೆ ನಮ್ಮನೇಲಿ ಯಾವತ್ತಿತ್ತು?"

"ತಾತನ ಕನ್ನಡಕಕ್ಕೆ ಬೇಳೆ ಬಡಿದಿದ್ದು?"

"ತಾತ ಕನ್ನಡಕಾನೇ ಹಾಕ್ತಿರ್ಲಿಲ್ಲ, ಸಾಯೋ ತನಕ ಕಣ್ಣು ಚೆನ್ನಾಗಿತ್ತು. ಎಲ್ಲಿಂದ ತರ್ತೀಯೋ ಇದನ್ನೆಲ್ಲ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. "ನಮ್ಮ ಹೊಸಕೋಟೆ ಕಡೇನೂ ಹಂಗೇರೀ. ನನಗೆ ಆರನೇ ವರ್ಷಕ್ಕೇ ಗೊತ್ತಾಯ್ತು. ನಿಮಗೆ ಈಗಲಾ?" ಎಂದು ನಗುತ್ತ ಗೋಡೆಗೆ ಒರಗಿದಳು. "ಅಂಗನವಾಡೀಲಿ ಭಾಷಣ ಮಾಡಿದ್ರಲ್ಲ, ಒಂದು ವಾರ ಕಂಪನಿ ಬಸ್ಸಲ್ಲಿ ಅದೇ ಮಾತು. 'ನಿಮ್ಮ ಯಜಮಾನ್ರು ಹಿದುಕಿದ ಸಾರು ಹೆಂಗಿತ್ತಕ್ಕಾ' ಅಂತ ಎಲ್ಲರೂ ಕೇಳೋರು."

"ನನಗ್ಯಾಕೆ ಹೇಳಲಿಲ್ಲ?"

"ಅಷ್ಟು ಖುಷಿಯಾಗಿ ಹೇಳ್ಕೊಂಡು ತಿರುಗ್ತಿದ್ರಿ. ಹೆಂಗೆ ಹೇಳೋದು?"

ಅದೇ ನನ್ನನ್ನು ಹೆಚ್ಚು ಸುಟ್ಟಿತು. ಮೂವತ್ತು ವರ್ಷಕ್ಕೂ ಮೇಲೆ ಅಮ್ಮ, ಆಮೇಲೆ ಹೆಂಡತಿ, ಕೊನೆಗೆ ಬಸ್ಸಿನಲ್ಲಿ ಹೋಗುವ ಊರ ಹೆಂಗಸರೆಲ್ಲ ನನ್ನ ಮುಂದೆ ಬೇರೆ ತಟ್ಟೆಯನ್ನೇ ಇಟ್ಟಿದ್ದರು. ತಟ್ಟೆಯ ಬಣ್ಣ ಸುಳ್ಳು, ಕನ್ನಡಕ ಸುಳ್ಳು. ಹಾಗಾದರೆ ತಾತನ ದನಿಯನ್ನಾದರೂ ನಾನು ನಿಜವಾಗಿ ಕೇಳಿದ್ದೆನೋ, ಅಥವಾ ಅಪ್ಪ ಯಾವತ್ತೋ ತನ್ನ ಬಗ್ಗೆ ಹೇಳಿಕೊಂಡಿದ್ದನ್ನು ನನ್ನದು ಮಾಡಿಕೊಂಡೆನೋ? ಕೇಳಲು ಇಬ್ಬರೂ ಇಲ್ಲ. ಅಮ್ಮನ ನೆನಪೇ ಸರಿ ಎನ್ನುವುದಕ್ಕೂ ಸಾಕ್ಷಿಯಿಲ್ಲ ಎಂದು ಒಂದು ಕ್ಷಣ ಮನಸ್ಸಿನಲ್ಲೇ ವಾದ ಹೂಡಿದೆ. ಆದರೆ ಅವಳ ಕೈಯಲ್ಲಿದ್ದ ತಟ್ಟೆಯನ್ನು ಕಣ್ಣಾರೆ ಕಂಡಿದ್ದೆ.

"ನನ್ನ ಮಗಳಿಗೆ ಈ ಮೋಸ ಬೇಡ" ಎಂದೆ.

"ನವಿಲಿನ ಬಾಲ ಯಾರು ಅಂಟಿಸಿದ್ದು?" ಎಂದಳು ಹೆಂಡತಿ. "ಬಂದೋರಿಗೆಲ್ಲ ಮಗಳೇ ಮಾಡಿದ್ದು ಅಂತ ತೋರಿಸ್ತೀರಲ್ಲ."

ತಟ್ಟೆ ಹಿಡಿದು ಅಡುಗೆಮನೆಗೆ ಹೋದೆ. ಮಗಳ ಕಾಳನ್ನು ಆರೇಳು ಸಲ ತೊಳೆದೆ. ಅಮ್ಮನ ಮಸಾಲೆಯಲ್ಲಿ ಒಂದು ಸೌಟು ತೆಗೆದುಕೊಂಡು, ಚಿಕ್ಕ ಪಾತ್ರೆಯಲ್ಲಿ ಬೇರೆಯಾಗಿ ಬೇಯಿಸಿದೆ. "ಹಸು ಬಾಯಿಗೆ ಬಿದ್ದಿದ್ದನ್ನ ಕಿತ್ಕೊಂಡ ಮೇಷ್ಟ್ರು" ಎಂದು ಅಮ್ಮ ಹಿಂದಿನಿಂದ ಗೊಣಗಿದಳು. ನನಗೆ ಬೇಕಾದದ್ದು ಇಷ್ಟೇ: ಮಗಳು ದೊಡ್ಡವಳಾದ ಮೇಲೆ ನೆನಪು ಮಾಡಿಕೊಂಡರೆ, ಅದರಲ್ಲಿ ಒಂದಾದರೂ ನಿಜವಿರಬೇಕು.

ಊಟಕ್ಕೆ ಕೂತೆವು. ಮಗಳ ಮುಂದೆ ಚಿಕ್ಕ ಪಾತ್ರೆ ಇಟ್ಟೆ.

"ಪುಟ್ಟಿ, ಇದು ನೀನು ಹಿದುಕಿದ ಕಾಳಿನ ಸಾರು."

ಅವಳು ಬಗ್ಗಿ ನೋಡಿದಳು. ಬೂದು ಬಣ್ಣದ ಗಂಜಿಯ ಮೇಲೆ ಸಿಪ್ಪೆಗಳು ತೇಲುತ್ತಿದ್ದವು. ಬೆರಳು ಅದ್ದಿ ನೆಕ್ಕಿ ಮುಖ ಹಿಂಡಿದಳು.

"ಇದು ನಂದಲ್ಲ. ಇದು ಅಪ್ಪ ಮಾಡಿದ್ದು." ಆಮೇಲೆ ದೊಡ್ಡ ಪಾತ್ರೆಯನ್ನು ತೋರಿಸಿದಳು. ಅದರಲ್ಲಿ ಬೆಳ್ಳನೆಯ ಬೇಳೆಗಳು ಒಂದೂ ಒಡೆಯದೆ ಮಿನುಗುತ್ತಿದ್ದವು. "ನಂದು ಅದು. ಅಲ್ವಾ ಅಜ್ಜಿ?"

ಅಮ್ಮ ನನ್ನ ಕಡೆ ನೋಡಿದಳು. ಹೆಂಡತಿ ಸೌಟು ಹಿಡಿದು ಕೂತಿದ್ದಳು. ಹೇಳುವುದನ್ನು ನನಗೇ ಬಿಟ್ಟಿದ್ದರು.

"ಅಲ್ವಾ ಅಪ್ಪಾ?"

ಬೆಳಿಗ್ಗೆ ಹಾರಿ ಬಂದು ನನ್ನ ಕೆನ್ನೆಗೆ ಬಡಿದ ಬೇಳೆ ನೆನಪಾಯಿತು. ನಾನು ದೊಡ್ಡ ಪಾತ್ರೆಯಿಂದ ಸಾರು ಬಡಿಸಿಕೊಂಡು ಒಂದು ತುತ್ತು ನುಂಗಿದೆ. "ಹೂಂ ಕಣವ್ವ. ಇವತ್ತಿನ ಸಾರು ನಮ್ಮ ಹುಡುಗಿ ಕೈಯ್ದು. ಅದಕ್ಕೇ ಈ ರುಚಿ" ಎಂದೆ. ಮಾತು ಒಂದಿಷ್ಟೂ ತಡವರಿಸದೆ ಬಂತು. ಮಗಳು ಬೆನ್ನು ನೆಟ್ಟಗೆ ಮಾಡಿ ಕೂತು, ಎಲ್ಲರ ತಟ್ಟೆಯನ್ನೂ ಒಂದು ಸುತ್ತು ನೋಡಿದಳು. ನಾನು ಅಮ್ಮನ ಮುಖ ನೋಡಲಿಲ್ಲ.

ಊಟವಾದ ಮೇಲೆ ಚಿಕ್ಕ ಪಾತ್ರೆಯನ್ನು ಹಿತ್ತಲಿಗೆ ಒಯ್ದು ಕಲಗಚ್ಚಿಗೆ ಸುರಿದೆ. ಅದಕ್ಕೆ ಮೊದಲು, ಮಗಳು ಹಿಂದೆಯೇ ಬಂದಾಳೆಂದು ಹಿತ್ತಲ ಬಾಗಿಲ ಚಿಲಕ ಹಾಕಿಕೊಂಡಿದ್ದೆ.