ಹಿಂಬಾಗಿಲಿನಿಂದ ಬಂದವರು

ಕೋಳಿಜ್ವರ ಮನುಷ್ಯರಿಗೆ ಅಂಟಿದರೆ ಎಷ್ಟು ಊರು ಹಾಸಿಗೆ ಹಿಡಿದಾವು ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದು ಲಿಡ್‌ವೀನಳ ಕೆಲಸ. ಅವಳು ಬ್ರಬಾಂಟ್ ಪ್ರಾಂತ್ಯದ ಕೋಳಿ ಫಾರಮ್ಮುಗಳ ನಡುವೆಯೇ ಹುಟ್ಟಿ ಬೆಳೆದವಳು. "ನಮ್ಮಲ್ಲಿಗೆ ಹೊರಗಿನವರು ಬರುವುದಿಲ್ಲ" ಎಂದು ಫಾರಂನವರೆಲ್ಲ ಹೇಳಿದ್ದನ್ನು ನಂಬಿ ಹಾಕಿದ ಲೆಕ್ಕದಲ್ಲಿ, ರೋಗ ಪ್ರತಿಸಲವೂ ಹುಟ್ಟಿದ ಫಾರಂನಲ್ಲೇ ಸತ್ತುಹೋಗುತ್ತಿತ್ತು.

ನಿಜವಾದ ರೋಗ ಮಾತ್ರ ಮೂರನೆಯ ಊರಿಗೆ ದಾಟಿತು. ಲಿಡ್‌ವೀನ್ ಗಾಬರಿಯಿಂದ ಚಿಕ್ಕಮ್ಮ ದ್ರೀಕಾಳ ಅಡುಗೆಮನೆಗೆ ಬಂದು ಕೂತಳು.

"ನಿಜ ಹೇಳು ಚಿಕ್ಕಮ್ಮ, ಈ ವಾರ ಯಾರ್ಯಾರು ಬಂದಿದ್ರು?"

"ಅದೆಷ್ಟು ಸಲ ಕೇಳ್ತೀಯೇ? ನರಪಿಳ್ಳೆ ಬಂದಿಲ್ಲ. ಮುಂಬಾಗಿಲ ಚಿಲಕ ತುಕ್ಕು ಹಿಡಿದಿದೆ, ಬೇಕಾದ್ರೆ ಹೋಗಿ ನೋಡ್ಕೋ."

ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಪಕ್ಕದ ಫಾರಂನ ಹ್ಯೂಬ್, ಕೋಳಿ ಹಿಕ್ಕೆ ಮೆತ್ತಿದ ಮರದ ಮೆಟ್ಟಿನಲ್ಲೇ ಒಳಬಂದು, ಅಂಗೈಗೆ ಕೆಮ್ಮಿ, ತಾನೇ ಕಾಫಿ ಬಗ್ಗಿಸಿಕೊಂಡ.

"ಏನಮ್ಮಾ ಲೆಕ್ಕದ ಮೇಡಂ, ಮುಖಕ್ಕೆ ಸುಣ್ಣ ಬಳ್ಕೊಂಡಿದೀಯ?"

"ಚಿಕ್ಕಮ್ಮ... ಇವನು?" ಲಿಡ್‌ವೀನ್ ಹ್ಯೂಬ್‌ನತ್ತ ಬೆರಳು ತೋರಿದಳು.

"ಅಯ್ಯೋ, ಹ್ಯೂಬ್ ಹೊರಗಿನವನೇನೇ? ದಿನಾ ಹಿಂದಿನಿಂದ ಬರೋರನ್ನ ಯಾರಾದ್ರೂ ಬಂದ್ರು ಅಂತಾರಾ?"

ಊರೂರಿನ ಹಿಂಬಾಗಿಲುಗಳೆಲ್ಲ ಒಟ್ಟಿಗೇ ಲಿಡ್‌ವೀನಳ ಕಣ್ಣೆದುರು ತೆರೆದಂತಾದವು. ಎಲ್ಲರಿಗೂ ತಿಳಿಸಬೇಕೆಂದು ದಡಬಡಿಸಿ ಎದ್ದವಳು ತನ್ನ ಬೂಟುಗಳನ್ನು ಕಂಡು ನಿಂತುಬಿಟ್ಟಳು. ಬೆಳಗ್ಗೆ ಇದೇ ಪ್ರಶ್ನೆ ಕೇಳಲು, ರೋಗ ಬಿದ್ದ ಊರಿನ ಅತ್ತಿಗೆಯ ಫಾರಂಗೂ ಹೋಗಿದ್ದಳು. ಯಾರೂ ಬಂದಿಲ್ಲವೆಂದು ಅತ್ತಿಗೆಯೂ ಆಣೆಯಿಟ್ಟು ಹೇಳಿದ್ದಳು. ಅಲ್ಲಿಂದ ಲಿಡ್‌ವೀನ್ ನೇರವಾಗಿ ಇಲ್ಲಿಗೆ ಬಂದಿದ್ದಳು, ಇದೇ ಬೂಟಿನಲ್ಲಿ, ಹಿಂಬಾಗಿಲಿನಿಂದ.