ಮೂರನೇ ತಿರುವಿನ ಮರದ ಹೊಟ್ಟು

ಥೆಲ್ಮಾ ಗಾರ್ಬಟ್ ಮನೆಯಲ್ಲಿ ಫೋನು ಎರಡು ಸಲ ಹೊಡೆದುಕೊಂಡು ಸುಮ್ಮನಾದರೆ ಅದು ಒಳ್ಳೆಯ ಸುದ್ದಿ. ಯಾರೂ ಎತ್ತಬಾರದು. ಬೇರೆ ಊರಿಗೆ ಬೈಕು ಓಡಿಸಲು ಹೋದ ಸವಾರ ಪಂದ್ಯ ಮುಗಿಸಿ, ಕೈಕಾಲು ನೆಟ್ಟಗಿವೆ ಎಂದು ಖರ್ಚಿಲ್ಲದೆ ತಿಳಿಸುವ ರೀತಿ ಅದು. ಮೂರನೆಯ ಸಲ ಹೊಡೆದುಕೊಂಡರೆ ಮಾತ್ರ ಎತ್ತಬೇಕು. ಐವತ್ತು ವರ್ಷಗಳಲ್ಲಿ ಅದು ಮೂರು ಸಲ ಹೊಡೆದುಕೊಂಡದ್ದು ಏಳು ಬಾರಿ, ಏಳು ಬಾರಿಯೂ ಥೆಲ್ಮಾ ಕೋಟು ಹಾಕಿಕೊಂಡು ಯಾವುದೋ ಊರಿನ ಆಸ್ಪತ್ರೆಗೆ ಓಡಿದ್ದಾಳೆ. ಪಂದ್ಯದ ದಿನ ನೆಂಟರಿಷ್ಟರು ಯಾರೂ ಆ ಮನೆಗೆ ಫೋನು ಮಾಡುವುದಿಲ್ಲ. ಒಮ್ಮೆ ಮಾಡಿ ಬೈಸಿಕೊಂಡವರು ಎರಡನೇ ಸಲ ಆ ತಪ್ಪು ಮಾಡಿಲ್ಲ.

ಕಾಲ್ಡರ್‌ವಿಕ್ ಎಂಬ ಇಂಗ್ಲೆಂಡಿನ ಊರಿಗೆ ಹೇಳಿಕೊಳ್ಳುವಂಥದ್ದು ಎರಡೇ ಇದ್ದವು. ಒಂದು ಬಿಸ್ಕತ್ತು ಕಾರ್ಖಾನೆ, ಇನ್ನೊಂದು ಬೈಕು ಪಂದ್ಯದ ಹೆರಾನ್ಸ್ ಎಂಬ ಸ್ಪೀಡ್‌ವೇ ತಂಡ. ಥೆಲ್ಮಾ ಮೂವತ್ತೆಂಟು ವರ್ಷ ಬಿಸ್ಕತ್ತು ಡಬ್ಬಕ್ಕೆ ತುಂಬಿದಳು. ಮರ ಕೊಯ್ಯುವ ಮಿಲ್ಲಿನಲ್ಲಿದ್ದ ಕ್ಲಿಫ್ ಎಂಬುವನನ್ನು ಮದುವೆಯಾದದ್ದೂ ಅವನು ಹೆರಾನ್ಸ್ ಪಂದ್ಯಗಳಲ್ಲಿ ಅವಳ ಪಕ್ಕದಲ್ಲೇ ನಿಲ್ಲುತ್ತಿದ್ದ ಎಂಬ ಒಂದೇ ಕಾರಣಕ್ಕೆ. ಮಕ್ಕಳಾಗಲಿಲ್ಲ. ಖಾಲಿ ಉಳಿದ ಕೋಣೆಯನ್ನು ತಂಡದ ವಿದೇಶಿ ಸವಾರರಿಗೆ ಬಿಟ್ಟುಕೊಟ್ಟರು. ಸವಾರರನ್ನು ಹೋಟೆಲಿನಲ್ಲಿ ಇಡುವ ಶಕ್ತಿ ಸ್ಪೀಡ್‌ವೇ ತಂಡಗಳಿಗೆ ಎಂದೂ ಇರಲಿಲ್ಲ, ಅಭಿಮಾನಿಗಳ ಮನೆಯೇ ಅವರಿಗೆ ಬಿಡಾರ. ಹಾಗೆ ಆ ಕೋಣೆಯಲ್ಲಿ ಹತ್ತೊಂಬತ್ತು ಜನ ಇದ್ದು ಹೋದರು. ಆಲೂಗಡ್ಡೆ ಬಿಟ್ಟು ಬೇರೇನೂ ಮುಟ್ಟದ ಸ್ವೀಡನ್ನಿನವನೊಬ್ಬ, ಅಡುಗೆಮನೆಯ ಮೇಜಿನ ಮೇಲೆ ಎಂಜಿನ್ ಬಿಚ್ಚುತ್ತಿದ್ದ ಜೆಕ್ ಒಬ್ಬ. ಹತ್ತೊಂಬತ್ತು ಜನರೂ ಅವಳ ಸ್ನಾನದ ತೊಟ್ಟಿಗೆ ಬಳಿದ ಕೆಂಪು ಮಣ್ಣಿನ ಗೆರೆ ಇವತ್ತಿಗೂ ಹೋಗಿಲ್ಲ. ಉಜ್ಜಿ ತೆಗೆಯುವ ಮನಸ್ಸು ಅವಳಿಗೂ ಇದ್ದಂತಿಲ್ಲ.

ಆಟ ದೊಡ್ಡದೇನಲ್ಲ. ನಾಲ್ಕು ಜನ, ನಾಲ್ಕು ಸುತ್ತು, ಒಂದು ನಿಮಿಷದ ಕೆಲಸ. ಕೆಂಪು ಕಲ್ಲುಪುಡಿ ಹಾಸಿದ ದಾರಿ, ಬರೀ ಎಡಕ್ಕೆ ತಿರುಗುವುದು, ಬೈಕಿಗೆ ಬ್ರೇಕೇ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಜಾರಿಸಿ, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಎಳೆಯುತ್ತ ಹೋಗುತ್ತಾರೆ. ಎಂಜಿನ್ನಿಗೆ ಹಾಕುವ ಹರಳೆಣ್ಣೆ ಸುಟ್ಟ ವಾಸನೆ ಒಂದು ಸಲ ಮೂಗಿಗೆ ಹತ್ತಿತೋ, ಮುಗಿಯಿತು, ಮನುಷ್ಯ ಕೆಟ್ಟ. ಆಗೆಲ್ಲ ಶನಿವಾರ ಸಂಜೆ ಎಂಟು ಸಾವಿರ ಜನ ಸೇರುತ್ತಿದ್ದರು. ಈಗ ಆರುನೂರು ಬಂದರೆ ಹಬ್ಬ, ಅದರಲ್ಲೂ ಅರ್ಧ ಮಂಡಿನೋವಿನವರು. ಮೈದಾನದ ಬೆನ್ನಿಗೆ ಮನೆ ಕೊಂಡು, ಆಮೇಲೆ ಸದ್ದು, ಧೂಳು ಎಂದು ದೂರು ಬರೆಯುವವರನ್ನು ಥೆಲ್ಮಾ ಸಮುದ್ರದ ದಡಕ್ಕೆ ಹೋಗಿ ಉಪ್ಪು ಎಂದು ಗೊಣಗುವವರ ಸಾಲಿಗೆ ಸೇರಿಸಿದ್ದಳು. ಆದರೂ ಗೆದ್ದವರು ಅವರೇ. ಮೈದಾನ ಮಾರಾಟವಾಯಿತು, ಅಲ್ಲಿ ನೂರಿಪ್ಪತ್ತು ಮನೆ ಏಳುತ್ತವೆ ಎಂದು ಗೇಟಿಗೆ ಹಲಗೆ ಬಿತ್ತು. ಅಕ್ಟೋಬರಿನ ಮೊದಲ ಶನಿವಾರದ ಪಂದ್ಯವೇ ಕೊನೆಯದು.

ಅಭಿಮಾನಿಗಳೆಲ್ಲ ಪ್ರತಿ ಓಟದ ಫಲಿತಾಂಶವನ್ನೂ ಪಂದ್ಯದ ಪುಸ್ತಿಕೆಯಲ್ಲಿ ತಮ್ಮ ಕೈಯಾರೆ ಬರೆದುಕೊಳ್ಳುತ್ತಾರೆ. ಯಾರು ಮೊದಲು, ಯಾರು ಬಿದ್ದರು, ಎಷ್ಟು ಅಂಕ. ಥೆಲ್ಮಾಳ ಮಂಚದ ಕೆಳಗಿನ ಎರಡು ಟ್ರಂಕುಗಳಲ್ಲಿ ಅಂಥ ಸಾವಿರಾರು ಪುಸ್ತಿಕೆಗಳಿವೆ, ಒಂದರಲ್ಲೂ ಒಂದು ಚೌಕ ಖಾಲಿ ಬಿಟ್ಟಿಲ್ಲ. 1978ರ ಆಗಸ್ಟಿನ ಪುಸ್ತಿಕೆಯೊಂದೇ ಬೇರೆ. ಅದರಲ್ಲಿ ಏಳನೇ ಓಟದವರೆಗೆ ಬರವಣಿಗೆಯಿದೆ. ಎಂಟರಿಂದ ಮುಂದೆ ಬರೀ ಬಿಳಿ.

ಆ ವರ್ಷ ಕೋಣೆಯಲ್ಲಿದ್ದವನು ಕೆಲ್ಡ್ ಎಂಬ ಡೆನ್ಮಾರ್ಕಿನ ಸವಾರ, ಇಪ್ಪತ್ಮೂರು ವರ್ಷದವನು. ಆ ಶನಿವಾರ ಬೆಳಿಗ್ಗೆಯಿಂದ ಮಳೆ ಹೊಯ್ದು, ಮೂರನೇ ತಿರುವಿನಲ್ಲಿ ನೀರು ನಿಂತಿತ್ತು. ಮಳೆಗೆ ಪಂದ್ಯ ಹೋಗುತ್ತದೆ ಎಂದರೆ ಸ್ಪೀಡ್‌ವೇ ಜನಕ್ಕೆ ಕೈಕಟ್ಟಿ ಕೂರುವುದು ಗೊತ್ತಿಲ್ಲ. ಮನೆಯಿಂದ ಗುದ್ದಲಿ, ಬಕೆಟ್ಟು, ಸ್ಪಂಜು ಹಿಡಿದು ತಾವೇ ಇಳಿಯುತ್ತಾರೆ. ಕ್ಲಿಫ್ ಮಿಲ್ಲಿನಿಂದ ಮರದ ಹೊಟ್ಟು ತರಿಸಿದ. ಪಕ್ಕದ ಮನೆಯ ಮಗುವಿನ ತಳ್ಳುಗಾಡಿ ಕೇಳಿ ತಂದು, ಅದರಲ್ಲಿ ಮೂಟೆ ಇಟ್ಟು ಆರು ಸಲ ಓಡಾಡಿದವಳು ಥೆಲ್ಮಾ. ಹೊಟ್ಟು ನೀರು ಕುಡಿಯಿತು, ಮೇಲೆ ಒಣ ಕಲ್ಲುಪುಡಿ ಎಳೆದರು, ತಿರುವು ಮದುವಣಗಿತ್ತಿಯಂತೆ ಕಾಣಿಸಿತು. ರೆಫ್ರಿ ನೋಡಿ ಸರಿ ಎಂದ. ಜನ ಚಪ್ಪಾಳೆ ಹೊಡೆದರು. ಎಂಟನೇ ಓಟದಲ್ಲಿ ಕೆಲ್ಡ್‌ನ ಮುಂದಿನ ಚಕ್ರ ಅಲ್ಲೇ ಹೂತುಕೊಂಡಿತು. ಬೈಕು ನಿಂತಿತು, ಅವನು ನಿಲ್ಲಲಿಲ್ಲ. ಬೇಲಿ ಆಗ ಮರದ್ದು.

ವಿಚಾರಣೆಯಲ್ಲಿ ಸವಾರನದೇ ತಪ್ಪು ಎಂದಾಯಿತು. ಹೊಟ್ಟಿನ ಮಾತನ್ನು ಯಾರೂ ಎತ್ತಲಿಲ್ಲ, ಕೇಳಲೂ ಇಲ್ಲ. ಹಾಕಿದ ಇಪ್ಪತ್ತು ಕೈಗಳೂ ಒಂದನ್ನೊಂದು ನೋಡಿಕೊಂಡು ಬಾಯಿ ಮುಚ್ಚಿಕೊಂಡವು. ಕ್ಲಿಫ್ ಸಾಯುವವರೆಗೂ ಗಂಡ ಹೆಂಡತಿ ಆ ಬಗ್ಗೆ ಒಂದೇ ಒಂದು ಮಾತಾಡಲಿಲ್ಲ. ಕೆಲ್ಡ್‌ನ ಉಕ್ಕಿನ ಅಟ್ಟೆ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡವಾಗಿ ಕೂತಿತು. ಈಗಲೂ ಅಲ್ಲೇ ಇದೆ.

ಈಗ ಆ ಕೋಣೆಯಲ್ಲಿದ್ದ ಇಪ್ಪತ್ತನೆಯವನು ಟೇಟ್, ಆಸ್ಟ್ರೇಲಿಯಾದವನು, ಇಪ್ಪತ್ತಾರು ವರ್ಷ. ಥೆಲ್ಮಾಳನ್ನು ಯಜಮಾನಿ ಎಂದು ಕರೆದು ಕಾಡುವವನು, ಜೇಬಿನಲ್ಲಿ ಮೊಬೈಲು ಇಟ್ಟುಕೊಂಡು ಎರಡು ಸಲ ಹೊಡೆಸಿ ಕತ್ತರಿಸುವುದು ಯಾವ ಕಾಲದ ಆಚಾರ ಎಂದು ನಕ್ಕವನು. ನಕ್ಕರೂ ಒಂದು ಸಲವೂ ತಪ್ಪಿಸಲಿಲ್ಲ. ಈ ಕೊನೆಯ ಪಂದ್ಯ ಅವನಿಗೆ ಬೇಕೇಬೇಕಿತ್ತು. ಬೇರೊಂದು ತಂಡದವರು ಅವನನ್ನು ನೋಡಲು ಬರುವವರಿದ್ದರು. ಅಂದು ಚೆನ್ನಾಗಿ ಓಡಿಸದಿದ್ದರೆ ಮುಂದಿನ ವರ್ಷ ಅವನಿಗೆ ಇಂಗ್ಲೆಂಡಿನಲ್ಲಿ ಜಾಗವಿರಲಿಲ್ಲ.

ಬುಧವಾರ ಶುರುವಾದ ಮಳೆ ಶನಿವಾರ ನಸುಕಿಗೆ ನಿಂತಿತು. ಎಂಟು ಗಂಟೆಗೇ ವಿನ್ಸ್ ಬಾಗಿಲಿಗೆ ಬಂದ. ಅಭಿಮಾನಿಗಳಲ್ಲಿ ಹಿರಿಯ ಅವನು, ಥೆಲ್ಮಾಳಿಗಿಂತ ಎರಡು ವರ್ಷ ಚಿಕ್ಕವನು, 1978ರಲ್ಲಿ ಅವಳ ಜೊತೆಗೇ ಮೂಟೆ ಬಿಚ್ಚಿದವನು. ಬೇಗ ಬಾ, ಗುದ್ದಲಿ ತಾ, ಕೊನೇ ಪಂದ್ಯವನ್ನ ಮಳೆಗೆ ಬಿಟ್ಟುಕೊಟ್ಟರೆ ಸತ್ತ ಮೇಲೂ ನಮಗೆ ಸಮಾಧಾನವಿಲ್ಲ ಎಂದ. ಥೆಲ್ಮಾ ಎರಡನೇ ಮಾತಾಡದೆ ಬೂಟು ಹಾಕಿಕೊಂಡಳು. ಅವಳಿಗೂ ಆ ಪಂದ್ಯ ಬೇಕಾಗಿತ್ತು, ಉಸಿರಿನಷ್ಟು ಬೇಕಾಗಿತ್ತು. ಇದನ್ನು ಮರೆತರೆ ಅವಳಿಗೆ ಅನ್ಯಾಯ ಮಾಡಿದ ಹಾಗೆ.

ಮೈದಾನದಲ್ಲಿ ಆಗಲೇ ಅರವತ್ತು ಜನ. ಎಂದೋ ಬರುವುದನ್ನು ಬಿಟ್ಟವರೂ ಬಂದಿದ್ದರು, ಎದೆ ತುಂಬ ಬ್ಯಾಡ್ಜು ಹೊಲಿದ ಹಳೆಯ ಕೋಟು ತೊಟ್ಟು. ಥೆಲ್ಮಾ ಒಂದನೇ ತಿರುವಿನಲ್ಲಿ ಎರಡು ಗಂಟೆ ನೀರು ಬಳಿದಳು. ತಲೆ ಎತ್ತಿದಾಗ ಒಂದು ವ್ಯಾನು ಹಿಮ್ಮುಖವಾಗಿ ಮೂರನೇ ತಿರುವಿನತ್ತ ಹೋಗುತ್ತಿತ್ತು. ಹಿಂಬಾಗಿಲು ತೆರೆದು ವಿನ್ಸ್ ಮೂಟೆ ಇಳಿಸತೊಡಗಿದ. ಒಂದು ಮೂಟೆ ಒಡೆದು ಹಳದಿ ಹೊಟ್ಟು ನೆಲಕ್ಕೆ ಸುರಿಯಿತು. ಹಸಿ ಮರದ ವಾಸನೆ ಅಷ್ಟು ದೂರಕ್ಕೂ ಬಂತು, ಥೆಲ್ಮಾಳ ಕೈಯಲ್ಲಿದ್ದ ಸ್ಪಂಜು ಬಕೆಟ್ಟಿನ ಹೊರಗೆ ಬಿತ್ತು.

ಅವಳು ಹೋಗಿ ಮೆಲ್ಲಗೆ, ಬೇಡ ವಿನ್ಸ್ ಎಂದಳು. ಅವನು ಅವಳ ಮುಖ ನೋಡಲಿಲ್ಲ. ಈಗ ಬೇಲಿ ಗಾಳಿ ತುಂಬಿದ್ದು, ಮೆತ್ತೆ ಇದ್ದ ಹಾಗೆ, ಈಗಿನ ಕಾಲವೇ ಬೇರೆ ಎಂದು ಗೊಣಗಿ ಹೊಟ್ಟು ಹರಡಿದ. ಮೇಲೆ ಕಲ್ಲುಪುಡಿ ಬಿತ್ತು, ಟ್ರ್ಯಾಕ್ಟರು ಎರಡು ಸಲ ಎಳೆಯಿತು. ಮಧ್ಯಾಹ್ನದ ಹೊತ್ತಿಗೆ ತಿರುವು ಒಣಗಿ, ಕೆಂಪಗೆ, ನುಣ್ಣಗೆ ಮಲಗಿತ್ತು. ಥೆಲ್ಮಾಳಿಗೆ ಅದನ್ನು ನೋಡಲು ಹೆದರಿಕೆಯಾಯಿತು. ಅದರ ಈ ಮುಖವನ್ನು ಅವಳು ಹಿಂದೊಮ್ಮೆ ನೋಡಿದ್ದಳು.

ಎರಡು ಗಂಟೆಗೆ ರೆಫ್ರಿ ಬಂದ, ದೂರದ ಊರಿನ ಸಭ್ಯ ಮನುಷ್ಯ. ಸುತ್ತ ನಡೆದು, ಅಲ್ಲಲ್ಲಿ ಕಾಲು ಒತ್ತಿ, ತಲೆ ತೂಗಿದ. ಟೇಟ್ ಅವನ ಹಿಂದೆಯೇ ನಡೆದು, ತನಗಂತೂ ಅಡ್ಡಿಯಿಲ್ಲ, ಇದಕ್ಕಿಂತ ಕೆಟ್ಟದ್ದರಲ್ಲಿ ಓಡಿಸಿದ್ದೇನೆ ಎನ್ನುತ್ತಿದ್ದ. ಅರವತ್ತು ಜನ ಗುದ್ದಲಿಗಳ ಮೇಲೆ ಗದ್ದ ಊರಿ ಕಾಯುತ್ತಿದ್ದರು. ರೆಫ್ರಿ ಬಾಯಿ ತೆರೆಯುವಷ್ಟರಲ್ಲಿ ಥೆಲ್ಮಾ ಗೇಟು ತಳ್ಳಿಕೊಂಡು ಒಳಗೆ ಹೋದಳು. ಸೀದಾ ಮೂರನೇ ತಿರುವಿಗೆ ಹೋಗಿ, ಚಕ್ರ ಹಾಯುವ ಜಾಗದಲ್ಲಿ ನಿಂತು, ಬೂಟಿನ ಹಿಮ್ಮಡಿಯನ್ನು ಊರಿ ಮೈಭಾರ ಬಿಟ್ಟಳು. ಹಿಮ್ಮಡಿ ಎರಡು ಬೆರಳಿನಷ್ಟು ಇಳಿಯಿತು. ಅಷ್ಟೇ.

"ಎರಡು ಬೆರಳು ತಾನೇ," ಎಂದ ವಿನ್ಸ್. "ಬಾ ಥೆಲ್ಮಾ, ಸುಮ್ನೆ ಬಾ ಈಚೆಗೆ."

"ಕೆಲ್ಡ್ ಸತ್ತ ದಿನಾನೂ ನನ್ನ ಹಿಮ್ಮಡಿ ಎರಡೇ ಬೆರಳು ಇಳಿದಿತ್ತು," ಎಂದಳು ಥೆಲ್ಮಾ. "ಅವತ್ತು ಇಲ್ಲಿ ಹೊಟ್ಟು ಹಾಕಿದ್ವಿ ಸ್ವಾಮಿ. ತಂದೋಳು ನಾನು, ಹರಡಿದ್ದು ಇವನು. ಇವತ್ತೂ ಹಾಕಿದೀವಿ. ಕೆಳಗೆ ಕೆದಕಿ ನೋಡಿ."

 ರೆಫ್ರಿ ಗುದ್ದಲಿ ಕೇಳಿ ಪಡೆದು ಕೆದಕಿದ. ಹಳದಿ ಹೊಟ್ಟು ಗಂಜಿಯಂತೆ ಮೇಲೆ ಬಂತು. ಅವನು ಬಹಳ ಹೊತ್ತು ಅದನ್ನೇ ನೋಡಿ, ಕೈ ಒರೆಸಿಕೊಂಡು, ಪಂದ್ಯ ಇಲ್ಲ ಎಂದುಬಿಟ್ಟ.

ಜನ ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬೈಯಲಿಲ್ಲ. ಐವತ್ತು ವರ್ಷ ಭುಜಕ್ಕೆ ಭುಜ ತಾಗಿಸಿ ನಿಂತವರು ಒಬ್ಬೊಬ್ಬರಾಗಿ ಬಕೆಟ್ಟು ಎತ್ತಿಕೊಂಡು ಅವಳನ್ನು ಬಳಸಿಕೊಂಡು ಹೋದರು. ವಿನ್ಸ್ ಮಾತ್ರ ಬೇಲಿ ಹಿಡಿದು ಅಳುತ್ತಿದ್ದ. ಕೊನೆಯ ಪಂದ್ಯ ನಡೆಯಲೇ ಇಲ್ಲ. ನಡೆದಿದ್ದರೆ ಏನಾಗುತ್ತಿತ್ತು, ಅವಳ ಎರಡು ಬೆರಳು ಸರಿಯೋ ತಪ್ಪೋ, ಇನ್ನು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಆರು ನಿಮಿಷದಲ್ಲಿ ಮೈದಾನ ಖಾಲಿಯಾಯಿತು.

ಮನೆಗೆ ಬಂದಾಗ ಟೇಟ್ ಚೀಲ ತುಂಬುತ್ತಿದ್ದ. ಪೋಲೆಂಡಿನ ಒಂದು ತಂಡದಿಂದ ಕರೆ ಬಂದಿತ್ತು, ಮರುದಿನ ಮಧ್ಯಾಹ್ನವೇ ಪಂದ್ಯ, ಸಂಜೆಯ ವಿಮಾನಕ್ಕೆ ಹೊರಡಬೇಕು.  ಇಲ್ಲಿಯ ತಿರುವಿನಿಂದ ಉಳಿಸಿದವನನ್ನು ತಾನೇ ಅಲ್ಲಿಗೆ ಕಳಿಸುತ್ತಿದ್ದೇನಲ್ಲ ಎಂದು ಥೆಲ್ಮಾಳಿಗೆ ಅನ್ನಿಸಿತು.

"ನೀನು ಒಂದು ದಿನಾನೂ ಬೈಕ್ ಹತ್ತಿದೋಳಲ್ಲ," ಎಂದ ಟೇಟ್, ಅವಳತ್ತ ತಿರುಗದೆ. ಯಜಮಾನಿ ಎನ್ನಲಿಲ್ಲ. "ನನ್ನ ಕುತ್ತಿಗೆ ನಂದು. ನಿನ್ನ ಕೇಳಿದ್ನಾ ನಾನು?"

"ಕೆಲ್ಡೂ ಕೇಳಿರಲಿಲ್ಲ ಕಣಪ್ಪಾ. ಅದಕ್ಕೇ ನಾನೂ ಹೇಳಿರಲಿಲ್ಲ."

ಟೇಟ್ ಚೀಲದ ಜಿಪ್ಪು ಎಳೆದ. ಚೀಲ ಹೊತ್ತು ಹೊರಡುವಾಗ ಬಾಗಿಲಿನ ಅಟ್ಟೆಗೆ ಕಾಲು ತಾಗಿತು. ಬಗ್ಗಿ ಅದನ್ನು ಎತ್ತಿ, ತಳ ಸವೆದದ್ದನ್ನು ಹೆಬ್ಬೆರಳಲ್ಲಿ ಸವರಿ, ಮತ್ತೆ ಅಲ್ಲೇ ಇಟ್ಟ. ಫೋನು ಮಾಡುತ್ತೇನೆ ಎಂದು ಹೇಳಲಿಲ್ಲ, ಮಾಡು ಎಂದು ಕೇಳುವ ಧೈರ್ಯ ಅವಳಿಗೂ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಥೆಲ್ಮಾ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಳು. ಚಹಾ ಮಾಡಿ ಕುಡಿಯಲಿಲ್ಲ. ಪಂದ್ಯ ಮೂರಕ್ಕೆ ಶುರು, ಐದಕ್ಕೆ ಮುಗಿಯಬೇಕು. ಐದಾಯಿತು. ಐದೂವರೆಯಾಯಿತು. ಮೊಣಕಾಲ ಮೇಲೆ ನಿನ್ನೆಯ ಪಂದ್ಯದ ಪುಸ್ತಿಕೆ ಇತ್ತು, ಮೊದಲ ಓಟದಿಂದ ಕೊನೆಯವರೆಗೆ ಬಿಳಿ. ಮೊದಲ ಓಟದಲ್ಲೇ ಟೇಟ್‌ನ ಹೆಸರು ಅಚ್ಚಾಗಿತ್ತು.

ಆರಕ್ಕೆ ಐದು ನಿಮಿಷವಿದ್ದಾಗ ಫೋನು ಹೊಡೆದುಕೊಂಡಿತು. ಒಂದು. ಎರಡು. ಥೆಲ್ಮಾ ಕಣ್ಣು ಮುಚ್ಚಿದಳು.

ಮೂರು.

ಅವಳು ಎತ್ತಿದಳು. ಆ ಕಡೆ ಯಾರೋ ಉಸಿರಾಡುತ್ತಿದ್ದರು. ಆಸ್ಪತ್ರೆಯ ನರ್ಸಿರಬೇಕು, ಇಂಗ್ಲಿಷು ಹುಡುಕುತ್ತಿರಬೇಕು ಎಂದುಕೊಂಡಳು.

"ನಾನೇ, ಯಜಮಾನಿ," ಎಂದ ಟೇಟ್. "ನಂಗೇನೂ ಆಗಿಲ್ಲ. ನಾನು ಓಡಿಸ್ಲೇ ಇಲ್ಲ."

ಅವನ ದನಿ ಎಲ್ಲೋ ಬಾವಿಯೊಳಗಿನಿಂದ ಬಂದಂತಿತ್ತು. ಅಲ್ಲೂ ಬೆಳಿಗ್ಗೆ ಮಳೆ ಬಂದಿತ್ತಂತೆ. ದಾರಿ ನೋಡಲು ಬಿಟ್ಟಾಗ ಎರಡನೇ ತಿರುವಿನಲ್ಲಿ ಹಿಮ್ಮಡಿ ಊರಿ ನೋಡಿದನಂತೆ. ಇಳಿಯಿತು. ಹೇಳಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಕ್ಕರು. ನಾನು ಓಡಿಸುವುದಿಲ್ಲ ಎಂದು ಬೂಟು ಬಿಚ್ಚಿದ. ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸಿದರು. ಎಡ್ಗಾರ್ಸ್ ಎಂದು, ಲಾಟ್ವಿಯಾದವನು. ನಾಲ್ಕನೇ ಓಟದಲ್ಲಿ ಅದೇ ತಿರುವಿನಲ್ಲಿ ಬಿದ್ದ. ಇನ್ನೂ ಎಚ್ಚರ ಬಂದಿಲ್ಲವಂತೆ.

"ನನ್ನ ಹೆಲ್ಮೆಟ್ಟಿನ ಮೇಲಿನ ಗುರುತಿನ ಬಣ್ಣದ ಬಟ್ಟೆ ಹಾಕ್ಕೊಂಡಿದ್ದ ಅವನು," ಎಂದು ಟೇಟ್ ಹೇಳಿದ. "ನಾನೇ ಬಿಚ್ಚಿ ಕೊಟ್ಟೆ."

ಥೆಲ್ಮಾ ಮೊಣಕಾಲ ಮೇಲಿನ ಪುಸ್ತಿಕೆ ಎತ್ತಿ ಪಕ್ಕಕ್ಕಿಟ್ಟಳು. ನಿನ್ನದೇನೂ ತಪ್ಪಿಲ್ಲ ಎನ್ನಬಹುದಿತ್ತು. ನಲವತ್ತಾರು ವರ್ಷ ಅವಳಿಗೆ ಅವಳೇ ಹೇಳಿಕೊಂಡ ಮಾತು ಅದು, ಅದರ ಬೆಲೆ ಅವಳಿಗೆ ಗೊತ್ತಿತ್ತು.

"ಅವನು ಯಾರ ಮನೇಲಿ ಇದಾನೆ?" ಎಂದು ಕೇಳಿದಳು.

"ಯಾರು?"

"ಆ ಹುಡುಗ. ಬಿಡಾರ ಯಾರ ಮನೇಲಿ?"

ಗೊತ್ತಿಲ್ಲ, ಊರಲ್ಲಿ ಯಾರೋ ಒಬ್ಬ ಹೆಂಗಸಿನ ಮನೆಯಂತೆ ಎಂದ ಟೇಟ್.

"ವಿಚಾರಿಸಿ ನೀನೇ ಫೋನ್ ಮಾಡು," ಎಂದಳು ಥೆಲ್ಮಾ. "ಅವಳು ಫೋನಿನ ಹತ್ರಾನೇ ಕೂತಿರ್ತಾಳೆ. ಎರಡು ಸಲಕ್ಕೆ ಎತ್ತಲಿಲ್ಲ ಅಂತ ಇಟ್ಟುಬಿಡಬೇಡ."